ಅಟ್ಟ ಇದೆ, ಏಣಿ ಇಲ್ಲ

ಮಕ್ಕಳೇ, ಡೊಂಬಿವಲಿಯಲ್ಲಿ ಬೆಳೆದ ನಿಮಗೆ ಅಟ್ಟ ಎಂದರೇನೆಂದು ಹೇಳಬೇಕಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರಗಳು ಇಲ್ಲಿ ನಡೆದದ್ದೇ ಅಟ್ಟದ ಕೃಪೆಯಿಂದ. ಕಂಪ್ಯೂಟರಿಗೂ ಅಟ್ಟವುಂಟೆಂದು ನನಗೆ ತಿಳಿದದ್ದು 2007ರಲ್ಲಿ.

ಕುಂದಾಪುರದ ನನ್ನ ಅಕ್ಕನ ಮಗ ಆಗ ನಮ್ಮಲ್ಲಿದ್ದುಕೊಂಡು ನವಿಮುಂಬಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಟ್ಯೂಷನ್ ಹೇಳಿ ಕೂಡಿಟ್ಟ ಹಣದಿಂದ, ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹಳೆಯ ಕಂಪ್ಯೂಟರಿಗೆ 2 ಜಿ.ಬಿ. ಮೆಮೊರಿ ಹಾಕಿಸಿದ. ಲಿನಕ್ಸ್ ತೋರಿಸಿದ್ದು 1 ಜಿ.ಬಿ.ಗಿಂತ ಕಡಿಮೆ! ಅಂಗಡಿಯವನು “ಮದರ್‌ಬೋರ್ಡೇ ಹೋಗಿದೆ, ಹೊಸದು ಹಾಕಿಸಿ” ಎಂದುಬಿಟ್ಟ. ಪ್ರಾಜೆಕ್ಟ್ ಒಪ್ಪಿಸಲು ಉಳಿದದ್ದು ಹದಿನೈದು ದಿನ. ಊರಿಗೆ ಫೋನ್ ಮಾಡಿ ಹಣ ಕೇಳಲು ಹುಡುಗನಿಗೆ ಮನಸ್ಸಿಲ್ಲ.

ರಾತ್ರಿ ಕಂಪ್ಯೂಟರ್ ಶುರುವಾಗುವಾಗ ಸರ್ರನೆ ಓಡುವ ಸಾಲುಗಳನ್ನು ಅವನು ಮತ್ತೆ ತೆಗೆದು ಓದಿದ. 896 ಎಂ.ಬಿ. ಮಾತ್ರ ಬಳಕೆಯಾಗುತ್ತದೆ, ಹೈಮೆಮ್ ಇರುವ ಕರ್ನೆಲ್ ಬಳಸಿ ಎಂದು ಅಲ್ಲೇ ಬರೆದಿತ್ತು. “ಚಿಕ್ಕಮ್ಮಾ, ಅಟ್ಟ ಇದೆ, ಏಣಿ ಇಲ್ಲ ಅಷ್ಟೇ!” ಎಂದು ಕೂಗಿದ.

ಕರ್ನೆಲ್ ಎಂದರೆ ತಿರುಳು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಅಷ್ಟೇ ಗೊತ್ತಿತ್ತು. ಉಳಿದದ್ದು ಅವನು ಹೇಳಿದ್ದು. 32 ಬಿಟ್ಟಿನ ಯಂತ್ರದಲ್ಲಿ ವಿಳಾಸಗಳು ಒಟ್ಟು 4 ಜಿ.ಬಿ.ಗೆ ಸಾಕಾಗುವಷ್ಟು. ಅದರಲ್ಲಿ 3 ಪ್ರೋಗ್ರಾಮುಗಳಿಗೆ, 1 ಕರ್ನೆಲಿಗೆ. ಆ ಒಂದರಲ್ಲಿ ಕರ್ನೆಲ್ ಸದಾ ಕೈಗೆಟುಕುವಂತೆ ಇಟ್ಟುಕೊಳ್ಳುವುದು 896 ಎಂ.ಬಿ.; ಅದು ಕೋಣೆ. ಮಿಕ್ಕ ಮೆಮೊರಿ ಅಟ್ಟದ ಸಾಮಾನು, ಕರ್ನೆಲಿಗೆ ಬೇಕಾದಾಗ ಇಳಿಸಿಕೊಳ್ಳಬೇಕು.

ಕರ್ನೆಲ್ ಕಟ್ಟುವಾಗ ಮೂರು ಆಯ್ಕೆ: ಏಣಿಯೇ ಬೇಡ, 4 ಜಿ.ಬಿ., 64 ಜಿ.ಬಿ. ದೊಡ್ಡದನ್ನೇ ಆರಿಸಬಾರದೇ ಎಂದೆ. ಅವನು ನಕ್ಕ. ಮೆಮೊರಿಯನ್ನು 4 ಕೆ.ಬಿ.ಯ ಪುಟಗಳಾಗಿ ವಿಂಗಡಿಸಿ, ಪುಟಕ್ಕೆ ಸುಮಾರು 32 ಬೈಟಿನ ಲೆಕ್ಕ ಬರೆದಿಡಬೇಕಂತೆ. 64 ಜಿ.ಬಿ. ತುಂಬಿದರೆ ಲೆಕ್ಕದ ಪುಸ್ತಕವೇ 512 ಎಂ.ಬಿ., ಅದೂ ಕೋಣೆಯಲ್ಲೇ ಇರಬೇಕು! ಗೃಹಿಣಿಯಾದ ನನಗೆ ಇದು ಕೂಡಲೇ ಅರ್ಥವಾಯಿತು.

4 ಜಿ.ಬಿ. ಆರಿಸಿ ಹೊಸ ಕರ್ನೆಲ್ ಕಟ್ಟಲು ಕುಳಿತ. ನಡುವೆ ಲೋಡ್ ಶೆಡ್ಡಿಂಗ್. ಕರೆಂಟು ಬಂದಾಗ ನಿಂತಲ್ಲಿಂದ ಮುಂದುವರಿಸಿದ. ಬೆಳಗಿನ ಹಾಲು ಬರುವ ಹೊತ್ತಿಗೆ 2 ಜಿ.ಬಿ. ಪೂರ್ತಿ ಕಾಣಿಸಿತು. ಪ್ರಾಜೆಕ್ಟೂ ಹೊತ್ತಿಗೆ ಸರಿಯಾಗಿ ಹೋಯಿತು, ಅಕ್ಕನಿಗೆ ಫೋನೂ ಹೋಗಲಿಲ್ಲ.

2025ರಲ್ಲಿ ಬಂದ ಲಿನಕ್ಸ್ 6.15 ಆ 64 ಜಿ.ಬಿ.ಯ ಆಯ್ಕೆಯನ್ನು ತೆಗೆದುಹಾಕಿತು. ಅಷ್ಟು ಮೆಮೊರಿ ಬೇಕಾದವರಿಗೆ 64 ಬಿಟ್ಟಿನ ಯಂತ್ರಗಳಿವೆ. ಅವಕ್ಕೆ ಅಟ್ಟವೇ ಬೇಡ, ಎಲ್ಲವೂ ಕೋಣೆಯೇ. ನಮ್ಮ 4 ಜಿ.ಬಿ.ಯ ಏಣಿಯನ್ನು ಮಾತ್ರ ಆ ಆವೃತ್ತಿಯಲ್ಲೂ ಉಳಿಸಿಕೊಂಡಿದ್ದರು.