ಅನಾಮತ್ತು ಖಾತೆ

ಲೆಕ್ಕ ಬರೆಯುವವನಿಗೆ ಪ್ರಬಂಧ ಬರೆದುಕೊಡು ಅಂದರೆ ಅವನು ಮೊದಲು ಹಾಳೆಯ ನಡುವೆ ಗೆರೆ ಎಳೆಯುತ್ತಾನೆ. ನಾನೂ ಎಳೆದೆ. ಆಮೇಲೆ ಆ ಹಾಳೆ ಬಿಸಾಡಿ ಇದನ್ನು ಬರೆಯುತ್ತಿದ್ದೇನೆ.

ಬಿ.ಕಾಂ. ಮುಗಿದ ಮೇಲೆ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಒಬ್ಬ ಕಂತ್ರಾಟುದಾರರ ಹತ್ತಿರ ಮೂರು ವರ್ಷ ಲೆಕ್ಕ ಬರೆದೆ. ಮುಗಿಲು ಮುಟ್ಟುವ ಕಟ್ಟಡ ಕಟ್ಟುವವರಲ್ಲ ಅವರು. ಹಳೆಯ ಹೌಸಿಂಗ್ ಸೊಸೈಟಿಗಳ ಪ್ಲಾಸ್ಟರು ಕೆತ್ತಿ ಹೊಸದು ಹಾಕುವುದು, ಟೆರೇಸಿಗೆ ವಾಟರ್‌ಪ್ರೂಫಿಂಗು, ಸೋರುವ ಪೈಪು ಬದಲಿಸುವುದು, ಇಷ್ಟೇ. ಶೇಠರು ವಿಜಾಪುರದ ಕಡೆಯವರು, ಗೌಂಡಿ ಕೆಲಸದಿಂದ ಮೇಲೆ ಬಂದವರು. ಸಿಮೆಂಟಿನ ಗೋದಾಮಿನ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಯ ಮೇಲೆ ಬಸವಣ್ಣನವರ ಫೋಟೋ. ಅದೇ ಆಫೀಸು. ಮೊದಲ ದಿನ ಶೇಠರು ಫೋಟೋ ತೋರಿಸಿ, “ಬಸವಣ್ಣನೂ ಮಂಗಳವೇಢ್ಯಾಗ ಮೊದಲ ಲೆಕ್ಕಾನ ಬರೀತಿದ್ದ ತಮ್ಮಾ. ಇದೇನು ಸಣ್ಣ ಕೆಲಸಲ್ಲ” ಅಂದರು. ಪಗಾರ ಮಾತ್ರ ಸಣ್ಣದೇ ಇತ್ತು.

ಕಾಲೇಜಿನಲ್ಲಿ ಕಲಿತ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈ ಧಂದೆಯ ವರ್ಷವೇ ಬೇರೆ. ದೀಪಾವಳಿಗೆ ವಹಿ ಪೂಜೆಯಾದ ಮೇಲೆ ಶುರು, ಜೂನಿನ ಮಳೆಗೆ ಬಂದ್. ಏಪ್ರಿಲ್ ಮೇ ತಿಂಗಳಲ್ಲಿ ಎಲ್ಲ ಸೊಸೈಟಿಗಳಿಗೂ ಒಮ್ಮೆಲೇ ನೆನಪಾಗುತ್ತದೆ, ಟೆರೇಸು ಸೋರುತ್ತದೆ ಅಂತ. ಕೆಲಸ ಮುಗಿಸಿ ಎರಡು ಲಕ್ಷದ ಬಿಲ್ಲು ಕೊಟ್ಟರೆ ಕೈಗೆ ಎರಡು ಲಕ್ಷ ಬರುವುದಿಲ್ಲ. ಶೇಕಡಾ 5ರಂತೆ ಹತ್ತು ಸಾವಿರವನ್ನು ಸೊಸೈಟಿ ಹಿಡಿದಿಟ್ಟುಕೊಳ್ಳುತ್ತದೆ, “ಒಂದು ಮಳೆಗಾಲ ಹೋಗಲಿ, ಸೋರದಿದ್ದರೆ ಕೊಡುತ್ತೇವೆ” ಅಂತ. ಅವರದೂ ತಪ್ಪೆನ್ನುವ ಹಾಗಿಲ್ಲ. 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾದದ್ದು ಇದೇ ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ. ಆ ಮಳೆ ಕಂಡ ಯಾವ ಸೆಕ್ರೆಟರಿಯೂ ಟೆರೇಸನ್ನು ಬಾಯಿಮಾತಿನಲ್ಲಿ ನಂಬುವುದಿಲ್ಲ. ಮೇಲೆ ಆದಾಯ ತೆರಿಗೆಗೆಂದು ಇನ್ನೆರಡು ಸಾವಿರ ಮುರಿಯುತ್ತಿದ್ದರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಇನ್ನೊಂದು ತಮಾಷೆ: ಸೊಸೈಟಿ ದುಡ್ಡು ಕೊಡಲಿ ಬಿಡಲಿ, ಬಿಲ್ಲು ಹರಿದಿದ್ದೇವಲ್ಲ, ಸಾಮಾನಿಗೆ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು ಮುಂದಿನ ತಿಂಗಳು 20ರೊಳಗೆ ಕಟ್ಟಲೇಬೇಕು. ಹೀಗಾಗಿ ವಹಿಯಲ್ಲಿ ಲಾಭ ಇರುತ್ತದೆ, ಪೆಟ್ಟಿಗೆಯಲ್ಲಿ ದುಡ್ಡು ಇರುವುದಿಲ್ಲ. ಶನಿವಾರ ಮಾತ್ರ ತಪ್ಪದೆ ಬರುತ್ತದೆ, ಆವತ್ತು ಪಗಾರ.

ಕೂಲಿಯವರು ಕಲಬುರಗಿ, ಯಾದಗಿರಿ ಕಡೆಯವರು. ಪ್ರತಿಯೊಬ್ಬರಿಗೂ ಹಾಜರಿ ಪುಸ್ತಕದಲ್ಲಿ ಒಂದು ಸಾಲು: ಪೂರ್ತಿ ದಿನಕ್ಕೆ ಒಂದು ಗುರುತು, ಅರ್ಧಕ್ಕೆ ಒಂದು, ಬಾರದ ದಿನ ಖಾಡಾ. ನಡುವೆ ಕೇಳಿ ತೆಗೆದುಕೊಂಡ ಮುಂಗಡಕ್ಕೆ ಮುಂಬಯಿಯಲ್ಲಿ ಉಚಲ್ ಅನ್ನುತ್ತಾರೆ. ವಾರದ ಖರ್ಚಿಗೆ ಇಷ್ಟು ಕೊಟ್ಟು, ಜೂನಿನಲ್ಲಿ ಬಿತ್ತನೆಗೆ ಊರಿಗೆ ಹೊರಡುವಾಗ ಉಚಲ್ ಮುರಿದುಕೊಂಡು ಉಳಿದದ್ದನ್ನು ಒಟ್ಟಿಗೆ ಕೊಡುವುದು ಪದ್ಧತಿ.

2019ರ ಜೂನಿನಲ್ಲಿ ಹಾಗೆ ಹೊರಟವರಲ್ಲಿ ಯಾದಗಿರಿ ಕಡೆಯ ಒಬ್ಬಾಕೆ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ನಾನು ಕಂಪ್ಯೂಟರು ನೋಡಿ ಮೂರು ಸಾವಿರ ಉಚಲ್ ಮುರಿದು ನೋಟು ಎಣಿಸಿದೆ.

“ತಮ್ಮಾ, ನಾ ಒಮ್ಮೆನ ಇಸಗೊಂಡೀನಿ, ಮಗಳಿಗೆ ಜ್ವರ ಬಂದಾಗ. ಸಾವಿರದ ಐನೂರು. ಎರಡನೇದು ಯಾವಾಗ ಕೊಟ್ಟಿ?”

“ಬುಕ್ಕಿನಲ್ಲಿ ಎರಡು ತಾರೀಖು ಇದೆಯಲ್ಲ ಅಕ್ಕಾ. ಮೇ 13 ಒಂದು, ಮೇ 14 ಒಂದು.”

“ಅಲ್ಲೋ ಯಪ್ಪಾ, ದಿನಾ ದಿನಾ ಯಾರು ಕೊಡ್ತಾರ?”

ಸರಿಯಾದ ಪ್ರಶ್ನೆ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ಆದರೆ ಹಿಂದೆ ಇನ್ನೂ ಹನ್ನೊಂದು ಜನ ನಿಂತಿದ್ದರು, ಮರುದಿನ ಬೆಳಿಗ್ಗೆ ಎಲ್ಲರಿಗೂ ಉದ್ಯಾನ್ ಎಕ್ಸ್‌ಪ್ರೆಸ್ಸು. ನಾನು ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಓದು ಬಾರದವಳಿಗೆ ಪರದೆ ತಿರುಗಿಸಿದ್ದು ಈಗಲೂ ನೆನಪಾಗುತ್ತದೆ. “ನಿನ್ನ ಬುಕ್ಕಿನ್ಯಾಗ ಇದ್ದರ ಇರಬೇಕು ಬಿಡು” ಅಂತ ದುಡ್ಡು ಸೆರಗಿಗೆ ಕಟ್ಟಿಕೊಂಡು ಹೋದಳು.

ಅಕ್ಟೋಬರಿನಲ್ಲಿ ದೀಪಾವಳಿಗೆ ಮುಂಚೆ ಲೆಕ್ಕ ಮುಗಿಸಲು ಕೂತಾಗ ಶೇಠರು ಪಟ್ಟಿಯ ಮೇಲೆ ಬೆರಳಿಟ್ಟರು. “ಅನಾಮತ್ತು, ಸಾವಿರದ ಐನೂರು. ಇದು ಯಾರದು?”

ಅನಾಮತ್ತು ಖಾತೆ ಅಂದರೆ ಎಲ್ಲಿಯದೆಂದು ತಿಳಿಯದ ಮೊತ್ತವನ್ನು ತಿಳಿಯುವ ತನಕ ಇಡುವ ಜಾಗ. “ಪೆಟ್ಟಿಗೆಯಲ್ಲಿ ಹೆಚ್ಚು ಸಿಕ್ಕಿತ್ತು ಸೇಠ್” ಅಂದೆ.

“ರೊಕ್ಕ ತಾನ ಹುಟ್ಟೂದಿಲ್ಲೋ. ಎಲ್ಲಾರ ಒಬ್ಬರದು ಇರಬೇಕು.”

ಹುಡುಕಿದೆ. ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಮೇ 13ರ ಸಂಜೆ ಶೇಠರೇ ಪೆಟ್ಟಿಗೆಯಿಂದ ತೆಗೆದು ಆಕೆಗೆ ಕೊಟ್ಟು ಚೀಟಿ ಹಾಕಿದ್ದರು, ನಾನು ಬರೆದಿದ್ದೆ. ಮುಕಾದಮ ಅದನ್ನೇ ತನ್ನ ಪುಸ್ತಕದಲ್ಲಿ ಮರುದಿನದ ತಾರೀಖಿಗೆ ಗುರುತು ಮಾಡಿಕೊಂಡಿದ್ದ. 18ರ ಶನಿವಾರ ಆ ಪುಸ್ತಕ ನೋಡಿ ಮತ್ತೊಮ್ಮೆ ಬರೆದೆ. ಕೊಡದ ದುಡ್ಡನ್ನು ಕೊಟ್ಟೆ ಅಂತ ಬರೆದರೆ ರಾತ್ರಿ ಪೆಟ್ಟಿಗೆಯಲ್ಲಿ ಅಷ್ಟೇ ಹೆಚ್ಚು ಉಳಿಯಬೇಕು. ಉಳಿಯಿತು. ಐವತ್ತು ರೂಪಾಯಿ ಕಡಿಮೆ ಬಿದ್ದ ರಾತ್ರಿಗಳಲ್ಲಿ ನಾನು ಕೊನೆಯ ಲೋಕಲ್ ಗಾಡಿ ತಪ್ಪಿಸಿಕೊಂಡು ಹುಡುಕಿದ್ದೇನೆ, ಏಕೆಂದರೆ ಅದು ನನ್ನ ತಲೆಗೆ ಬರುತ್ತದೆ. ಆವತ್ತು ಹೆಚ್ಚು ಬಿದ್ದಿತ್ತು. ಹತ್ತು ನಿಮಿಷ ನೋಡಿ, ಅನಾಮತ್ತಿಗೆ ಹಾಕಿ, ಎಂಟೂಕಾಲರ ಗಾಡಿ ಹಿಡಿದೆ. ಬೆಂಗಳೂರಿನ ಕಂಪೆನಿಯ ಆ ‘ಟ್ಯಾಲಿ’ಯಲ್ಲಿ ಎರಡೂ ಬದಿ ಪೈಸೆ ತಪ್ಪದೆ ಕೂಡಿಬಂದಿತ್ತು.

ದೀಪಾವಳಿ ಕಳೆದು ಗುಂಪು ಬಂತು, ಆಕೆ ಬರಲಿಲ್ಲ. ಬೆಂಗಳೂರಿಗೆ ಹೋದಳಂತೆ. ಆಕೆಯ ಮಗನ ನಂಬರು ಹಿಡಿದು ಫೋನಿನಲ್ಲೇ ಹಣ ಕಳಿಸಿದೆ. ಸಂಜೆ ಆಕೆಯೇ ಮಾತಾಡಿದಳು.

“ಬಂತು ತಮ್ಮಾ. ಆವತ್ತು ರೊಕ್ಕ ಕಮ್ಮಿ ಬಿತ್ತಂತ ತೊಗರಿ ಬೀಜಕ್ಕ ಸಾಲ ಮಾಡಿದ್ದೆ. ನೂರಕ್ಕ ಮೂರು.” ಬಯ್ಯಲಿಲ್ಲ. ಮಳೆ ಬೆಳೆ ಮಾತಾಡಿ ಫೋನಿಟ್ಟಳು.

ಸಾವಿರದ ಐನೂರಕ್ಕೆ ತಿಂಗಳಿಗೆ 45, ಜೂನಿನಿಂದ ಐದು ತಿಂಗಳಿಗೆ 225. ಶೇಠರಿಗೆ ಹೇಳಿದೆ. “ಕಳಸು” ಅಂದರು. ಯಾವ ಖಾತೆಗೆ ಬರೆಯಲಿ ಅಂತ ಕೇಳಿದೆ.

“ನಿನ್ನ ಹೆಸರಿಗೆ. ಉಚಲ್.”

ಬರೆದೆ. ಒಂದೇ ಸಲ ಬರೆದಿದ್ದೇನೆಯೇ ಅಂತ ಮುಕಾದಮನ ಪುಸ್ತಕವನ್ನೂ ತೆಗೆದು ನೋಡಿದೆ.