ಹೊಳೆಬಾಗಿಲಿನಾಚೆಯ ಬೇಸಗೆ

ಶಾಲೆಗಳಿಗೆ ಬೇಸಗೆಯ ರಜೆ ಬಂತೆಂದರೆ ಬೆಂಗಳೂರಿನಿಂದ ರಾತ್ರಿ ಹೊರಡುವ ತಾಳಗುಪ್ಪದ ರೈಲಿನಲ್ಲಿ ಮಕ್ಕಳ ಗದ್ದಲ ಹೆಚ್ಚುತ್ತದೆ. ಬೆಳಗಿನ ಜಾವದಲ್ಲಿ ಸಾಗರದ ನಿಲ್ದಾಣದಲ್ಲಿ ಇಳಿಯುವವರೆಲ್ಲ ಜೋಗಕ್ಕೆ ಹೋಗುವ ಪ್ರವಾಸಿಗಳೆಂದು ತಿಳಿಯಬಾರದು. ಅವರಲ್ಲಿ ಕೆಲವರು ಹಾಸಿಗೆಯ ಸುರುಳಿ, ಬಿಸ್ಕತ್ತಿನ ಡಬ್ಬಿ, ಅಜ್ಜನಿಗೊಂದು ಕಂಬಳಿ, ಅಜ್ಜಿಗೊಂದು ಔಷಧದ ಪೊಟ್ಟಣ ಹೊತ್ತು ಬೇರೊಂದು ದಿಕ್ಕಿನ ಬಸ್ಸನ್ನು ಹುಡುಕುತ್ತಾರೆ. ಅವರ ಊರು ತುಮರಿಯ ಕಡೆಯದು, ಬ್ಯಾಕೋಡಿನ ಕಡೆಯದು; ಎಂದರೆ ಶರಾವತಿಯ ಹಿನ್ನೀರಿನ ಆಚೆಯ ದಂಡೆಯದು.

ಬಸ್ಸು ಕಾಡಿನ ತಿರುವುಗಳನ್ನು ಸುತ್ತಿ ಅಂಬಾರಗೋಡ್ಲಿಗೆ ಬಂದು ನಿಲ್ಲುತ್ತಿತ್ತು. ಮುಂದೆ ರಸ್ತೆಯಿಲ್ಲ, ನೀರು. ಈ ಸ್ಥಳಕ್ಕೆ ಜನರು ಇಟ್ಟ ಹೆಸರು ಹೊಳೆಬಾಗಿಲು. ಹೆಸರು ಸೊಗಸಾದದ್ದು, ಆದರೆ ಆ ಬಾಗಿಲು ತೆರೆಯುವುದೂ ಮುಚ್ಚುವುದೂ ಲಾಂಚಿನ ಕೈಯಲ್ಲಿತ್ತು. ಬಸ್ಸು, ಕಾರು, ಮೋಟಾರು ಸೈಕಲ್ಲು, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವನ್ನೂ ತನ್ನ ಕಬ್ಬಿಣದ ಹಲಗೆಯ ಮೇಲೆ ಹೇರಿಕೊಂಡು ಅದು ಕಳಸವಳ್ಳಿಯ ದಡಕ್ಕೆ ಸಾಗುತ್ತಿತ್ತು. ಆಚೆ ದಡದ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಭಕ್ತಾದಿಗಳು ಹೆಚ್ಚಿದ ದಿನಗಳಲ್ಲಿ ಊರಿನವರೇ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಮಕ್ಕಳಿಗೆ ಅದು ಬೇಸರವಲ್ಲ. ಗಾಳಿಗೆ ಮುಖವೊಡ್ಡಿ ಕಟಕಟೆಗೆ ಒರಗಿ ನಿಂತ ಆ ಸ್ವಲ್ಪ ಹೊತ್ತಿನಲ್ಲಿಯೇ ಅವರ ರಜೆ ಪ್ರಾರಂಭವಾಗಿಬಿಡುತ್ತಿತ್ತು.

ಆಚೆ ದಡದ ಹಳ್ಳಿಯೆಂದರೆ ಒತ್ತೊತ್ತಾದ ಕೇರಿಯಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಳತೆ, ಕೆಲವೆಡೆ ಅದಕ್ಕೂ ಹೆಚ್ಚು. ಮನೆಯ ಮುಂದೆ ಅಂಗಳ, ಕೆಳಗೆ ಅಡಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ತೋಟದ ತುದಿಯಲ್ಲಿ ನೀರು. ಮೇ ತಿಂಗಳಿನಲ್ಲಿ ಅಂಗಳದ ತುಂಬ ಚಾಪೆಗಳು, ಚಾಪೆಗಳ ತುಂಬ ಹಲಸಿನ ಹಪ್ಪಳ. ಕಾಗೆ ಕಾಯುವ ಕೆಲಸ ಪಟ್ಟಣದ ಮಕ್ಕಳ ಪಾಲಿಗೆ. ಕಾಯುವವರೇ ಅರ್ಧ ಒಣಗಿದ ಹಪ್ಪಳದ ಅಂಚನ್ನು ಮುರಿದು ತಿನ್ನುವುದನ್ನು ಕಂಡೂ ಕಾಣದಂತೆ ಇರುವುದು ಅಜ್ಜಿಯಂದಿರ ಧರ್ಮ. ಮಧ್ಯಾಹ್ನದ ಊಟಕ್ಕೆ ತಂಬುಳಿ, ಅಪ್ಪೆಹುಳಿ. ಊಟವಾದ ಮೇಲೆ ಜಗಲಿಯಲ್ಲಿ ನಿದ್ದೆ. ಮೂರು ಗಂಟೆಯ ಹೊತ್ತಿಗೆ ಇಡೀ ಊರಿನಲ್ಲಿ ಎಚ್ಚರವಾಗಿರುವುದು ಜೀರುಂಡೆಯೊಂದೇ. ಪಟ್ಟಣದಿಂದ ಬಂದವರು ಮೊದಲ ಎರಡು ದಿನ ಈ ಮೌನಕ್ಕೆ ಹೊಂದಿಕೊಳ್ಳಲಾರದೆ ಒದ್ದಾಡುತ್ತಾರೆ. ಮೂರನೆಯ ದಿನ ಅದನ್ನು ಹೊಗಳಲು ತೊಡಗುತ್ತಾರೆ.

ಆದರೆ ಈ ಮೌನ ಪ್ರಕೃತಿಯು ಕೊಟ್ಟ ವರವಲ್ಲ. ಸಂಜೆಯಲ್ಲಿ ಮಕ್ಕಳು ನೀರಿನಂಚಿಗೆ ಇಳಿದರೆ ಅದರ ಕಾರಣ ಕಣ್ಣಿಗೇ ಬೀಳುತ್ತದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆ ಕಪ್ಪಗೆ ನಿಂತ ಮರದ ಬೊಡ್ಡೆಗಳು ಮೇಲೇಳುತ್ತವೆ. ಬೊಡ್ಡೆಯ ಮೇಲೊಂದು ನೀರುಕಾಗೆ ರೆಕ್ಕೆ ಹರಡಿ ಕುಳಿತಿರುತ್ತದೆ. ನೀರು ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟೇ ತಲೆಯೆತ್ತಿ ನಿಲ್ಲುತ್ತದೆ. ಇಂಜಿನಿಯರ್ ಗಣೇಶ ಅಯ್ಯರ್ ಅವರ ಸೈಫನ್ನುಗಳಿಗಾಗಿ ಹೆಸರಾದ ಆ ಕಟ್ಟೆ, ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸುವುದಕ್ಕಾಗಿ 1940ರ ದಶಕದಲ್ಲಿ ಎದ್ದುದು. ಅನಂತರ ಅದೇ ಹೊಳೆಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂತು. ಸಮುದ್ರಮಟ್ಟದಿಂದ 1,819 ಅಡಿಗಳವರೆಗೆ ನೀರು ನಿಲ್ಲಿಸುವ ಆ ದೊಡ್ಡ ಕಟ್ಟೆ ಹಳೆಯ ಕಟ್ಟೆಯನ್ನೇ ನುಂಗಿತು. ಮೊದಲ ಕಟ್ಟೆಗಾಗಿ ಮನೆ ಬಿಟ್ಟು ಮೇಲೆ ಬಂದಿದ್ದ ಕೆಲವು ಕುಟುಂಬಗಳು ಎರಡನೆಯ ಸಲವೂ ಗಂಟುಮೂಟೆ ಕಟ್ಟಿದವು.

ಗದ್ದೆ, ತೋಟ, ದೇವಸ್ಥಾನ, ಹೊಳೆಯ ದಂಡೆಯ ಅಪ್ಪೆಮಿಡಿಯ ಮರಗಳು, ಸಾಗರಕ್ಕೆ ಹೋಗುತ್ತಿದ್ದ ದಾರಿ ಎಲ್ಲವೂ ಒಳಗಾದವು. ಎತ್ತರದಲ್ಲಿದ್ದ ಊರುಗಳು ಮಾತ್ರ ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು ಎಂಬಂತೆ ಉಳಿದವು. ಲಾಂಚು ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಿ ಬಳಸಿ ಬರಬೇಕು. ನಾ. ಡಿಸೋಜ ಅವರು ‘ದ್ವೀಪ’ ಕಾದಂಬರಿಯನ್ನು ಬರೆದದ್ದು ಈ ಮುಳುಗಡೆಯ ಸಂಕಟವನ್ನೇ ಕಣ್ಣಾರೆ ಕಂಡು. ಗಿರೀಶ ಕಾಸರವಳ್ಳಿಯವರ ಚಲನಚಿತ್ರದಿಂದ ಅದು ಕನ್ನಡದ ಆಚೆಗೂ ತಿಳಿಯಿತು. ನಾಡಿನ ಮನೆಮನೆಗೆ ದೀಪ ಹೊತ್ತಿಸಿದ ನೀರಿನ ದಂಡೆಯಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತೆಂಬುದನ್ನು ರಜೆಗೆ ಬಂದ ಮಕ್ಕಳಿಗೆ ಹೇಳಿದರೆ ಅವರು ಅದನ್ನು ಅಜ್ಜನ ತಮಾಷೆಯೆಂದೇ ತಿಳಿಯುತ್ತಾರೆ.

ಆಚೆ ದಡಕ್ಕೆ ಸೇತುವೆ ಬೇಕೆಂಬ ಕೂಗು ದಶಕಗಳ ಕಾಲದ್ದು. ಕೊನೆಗೆ ಕಂಬಗಳು ಏಳತೊಡಗಿದ ಬೇಸಗೆಗಳಲ್ಲಿ ಈ ಊರುಗಳ ಜಗಲಿಗಳ ಮೇಲೆ ಒಂದೇ ವಾದ. ಒಂದು ಮನೆಯಲ್ಲಿ, ಲಾಂಚಿನಿಂದ ಕಂಬಗಳ ಚಿತ್ರ ತೆಗೆದು ತಂದ ಬೆಂಗಳೂರಿನ ಅಳಿಯ, “ಸೇತುವೆಯಾದರೆ ಈ ಊರಿನ ಶಾಂತಿ ಉಳಿಯುವುದಿಲ್ಲ, ಅತ್ತೆ. ಕಾರುಗಳು ಬರುತ್ತವೆ, ಹೋಟೆಲುಗಳು ಬರುತ್ತವೆ,” ಎಂದ. ಹಪ್ಪಳ ಮಗುಚುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ನೀವು ಬರುವುದು ಮೇ ತಿಂಗಳಲ್ಲಿ. ಒಂದು ಮಳೆಗಾಲ ಇಲ್ಲಿ ಇದ್ದು ನೋಡಿ, ಆಮೇಲೆ ಹೇಳಿ,” ಎಂದರು.

ಅವರ ಮಾತಿನ ಹಿಂದೆ ಏನಿತ್ತೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಸಂಜೆಗತ್ತಲಿಗೆ ಕೊನೆಯ ಲಾಂಚು ನಿಂತ ಮೇಲೆ ಎದೆನೋವು ಬರಬಾರದು, ಹೆರಿಗೆಯ ನೋವು ಬರಬಾರದು, ಹಾವು ಕಚ್ಚಬಾರದು. ಬಂದರೆ ದಡದಲ್ಲಿ ನಿಂತು ಟಾರ್ಚು ಬೀಸಿ ಕೂಗಬೇಕು. ಲಾಂಚಿನವರು ಎದ್ದು ಬಂದಾರೆಂದು ಕಾಯಬೇಕು. ಆಷಾಢದ ಗಾಳಿಯಲ್ಲಿ ಹಗಲಿನ ಲಾಂಚೇ ಅನುಮಾನ. ಹೆಣ್ಣು ಕೊಡುವವರು ಹೊಳೆ ದಾಟಿ ಯೋಚಿಸುತ್ತಿದ್ದರು. ಕಾಲೇಜಿಗೆ ಹೋಗುವ ಹುಡುಗಿಯರು ಸಾಗರದಲ್ಲಿ ಬಿಡಾರ ಮಾಡಬೇಕಿತ್ತು. ಹದಿನೈದು ದಿನದ ನೆಂಟರಿಗೆ ಶಾಂತಿಯಾದದ್ದು ವರ್ಷವಿಡೀ ಇರುವವರಿಗೆ ದಿಗ್ಬಂಧನ. ಊರಿನವರು ಪಟ್ಟ ಕಷ್ಟವೇ ತಮಗೆ ವಿಶ್ರಾಂತಿಯಾಗಿ ಬರುತ್ತಿದೆಯೆಂದು ಬೇಸಗೆಯ ನೆಂಟರು ಯೋಚಿಸುವುದು ಕಡಿಮೆ.

ಹಾಗೆಂದು ಅಳಿಯನ ಅಂಜಿಕೆ ಸುಳ್ಳೆನ್ನುವಂತೆಯೂ ಇಲ್ಲ. ರಸ್ತೆ ನೇರವಾದಲ್ಲಿ ಜಾಗದ ಬೆಲೆ ಏರುತ್ತದೆ. ಮುಳುಗಡೆಯ ಕುಟುಂಬಗಳಲ್ಲಿ ಅನೇಕರು ತಮಗೆ ತೋರಿಸಿದ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತ ಬಂದವರು. ಪತ್ರವಿಲ್ಲದವನ ನೆಲದ ಪಕ್ಕಕ್ಕೆ ಹಣವಂತ ಬಂದು ನಿಂತರೆ ಯಾರ ಬೇಲಿ ಸರಿಯುವುದೆಂದು ಊಹಿಸುವುದು ಕಷ್ಟವಲ್ಲ. ಅತ್ತೆಯೂ ಅದನ್ನು ಅಲ್ಲಗಳೆಯಲಿಲ್ಲ. “ಮಾರುವುದೂ ಬಿಡುವುದೂ ನಮ್ಮ ಕೈಯಲ್ಲಿದೆ. ಹೊಳೆ ದಾಟುವುದು ನಮ್ಮ ಕೈಯಲ್ಲಿರಲಿಲ್ಲ,” ಎಂದಷ್ಟೇ ಹೇಳಿದರು.

2025ರ ಜುಲೈ 14ರಂದು ಸೇತುವೆಯ ಉದ್ಘಾಟನೆಯಾಯಿತು. ತಂತಿಗಳ ಬೀಸಣಿಗೆಯಲ್ಲಿ ತೂಗಿದ ಹಾಗೆ ಕಾಣುವ 2.44 ಕಿಲೋಮೀಟರ್ ಉದ್ದದ ಈ ಸೇತುವೆಯನ್ನು ವಾಹನವು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಮೊದಲ ದಿನಗಳಲ್ಲಿ ಅದನ್ನು ನಡೆದೇ ದಾಟಿದವರು, ನಡುವೆ ನಿಂತು ಕೆಳಗೆ ಬಗ್ಗಿ ನೋಡಿದವರು ಬಹಳ ಮಂದಿ. ಮಳೆಗಾಲದ ನೀರು ತುಂಬಿತ್ತು. ಬೊಡ್ಡೆಗಳೂ ಹಳೆಯ ದಾರಿಯೂ ಕಾಣುವಂತಿರಲಿಲ್ಲ.

ಆ ವರ್ಷದ ದೀಪಾವಳಿಗೆ ಮಗಳು, ಅಳಿಯ, ಮಕ್ಕಳು ಮನೆಯ ಅಂಗಳದವರೆಗೂ ಕಾರಿನಲ್ಲಿಯೇ ಬಂದಿಳಿದರು. ಹೊರಡುವ ದಿನ ಮಧ್ಯಾಹ್ನ ಮೂರು ಹೊಡೆಯುತ್ತಲೇ ಅಜ್ಜಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ ಕೊಟ್ಟು, “ಬೇಗ ಹೊರಡಿ, ಕೊನೆಯ ಲಾಂಚು ತಪ್ಪೀತು,” ಎಂದು ಅವಸರಪಡಿಸಿದರು. ಮೊಮ್ಮಕ್ಕಳು ನಕ್ಕರು. ಅವರೂ ನಕ್ಕು, ಹಾಗಾದರೆ ಇನ್ನೊಂದು ಲೋಟ ಕಾಫಿ ಕುಡಿದೇ ಹೋಗಿರೆಂದು ಒಳಗೆ ನಡೆದರು.