ನರಪತಿಯ ಎಲೆ

ಕೊಲ್ಹಾರವೆಂದೊಡನೆ ನಾಡಿನ ಜನರಿಗೆ ನೆನಪಾಗುವುದು ಮಣ್ಣಿನ ಗಡಿಗೆಯ ಗಟ್ಟಿ ಮೊಸರು. ಊರವರಿಗಾದರೋ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರೂ ನೆನಪಾಗುತ್ತದೆ. ಇಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾದ ಚಿತ್ರಕಲಾ ಶಿಕ್ಷಕರೊಬ್ಬರ ಮನಸ್ಸಿನಲ್ಲಿ ಇವೆರಡರ ಜೊತೆಗೆ ಹರಿದುಹೋದ ಒಂದು ಕಾಗದದ ಎಲೆಯೂ ಉಳಿದಿದೆ.

ಹಳೆಯ ಊರನ್ನು ಬಿಟ್ಟು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಾಲ್ವರು ಹುಡುಗರು ಬೇವಿನ ನೆರಳಿನಲ್ಲಿ ಕುಳಿತು ಎಲೆಯಾಡುತ್ತಿದ್ದರು. ಲಗ್ನಪತ್ರಿಕೆಗಳನ್ನು ಕತ್ತರಿಸಿ, ಅವುಗಳ ಹಿಂಬದಿಯಲ್ಲಿ ರಾಜ, ರಾಕ್ಷಸ, ಹಾವು, ದೋಣಿಗಳನ್ನು ತಾವೇ ಬರೆದುಕೊಂಡಿದ್ದರು. ಯಾರ ಕೈಗೆ ಯಾವ ರಾಜನು ಬರುವನೋ, ಆಟ ಮುಗಿಯುವವರೆಗೆ ಅವನು ಆ ರಾಜನಂತೆಯೇ ಮಾತನಾಡಬೇಕೆಂಬುದು ಅವರ ನಿಯಮ. ಗುರುಗಳಿಗೆ ಕಂಡದ್ದು ಇಸ್ಪೀಟು ಮಾತ್ರ. “ಇದು ರೊಕ್ಕದ ಆಟ ಅಲ್ರಿ ಗುರುಗಳ, ನಾ ಹೊಳಿ ರಾಜಾ ಅದೀನ್ರಿ” ಎಂದು ಹುಡುಗನೊಬ್ಬನು ಹೇಳುತ್ತಿದ್ದಂತೆಯೇ ಎಲೆಗಳು ಚೂರಾದವು. ಅಂದಿನಿಂದ ಆ ಹುಡುಗನು ಚಿತ್ರದ ತರಗತಿಯಲ್ಲಿ ಹೇಳಿದ್ದನ್ನಷ್ಟೇ ಬರೆದನು.

ವರ್ಷಗಳ ತರುವಾಯ ಮೈಸೂರಿಗೆ ಹೋಗಿದ್ದ ಗುರುಗಳು ದಶಾವತಾರ ಗಂಜೀಫಾದ ದುಂಡು ಎಲೆಗಳನ್ನು ಕಂಡು ಬೆರಗಾದರು. ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಪ್ರತಿ ಬಣಕ್ಕೊಬ್ಬ ರಾಜ, ಒಬ್ಬ ಮಂತ್ರಿ. ಹಗಲಾದರೆ ರಾಮನ ಎಲೆಯುಳ್ಳವನು, ಇರುಳಾದರೆ ಕೃಷ್ಣನ ಎಲೆಯುಳ್ಳವನು ಆಟವನ್ನಾರಂಭಿಸಬೇಕು. ಐದು ಬಣಗಳಲ್ಲಿ ಹತ್ತು ದೊಡ್ಡದಾದರೆ, ಉಳಿದ ಐದರಲ್ಲಿ ಒಂದೇ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳನ್ನು ಹೊಸದಾಗಿ ರೂಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳಿಗೆ ಸ್ಥಾನವಿತ್ತಿದ್ದರು.

ಕುತೂಹಲ ಕೆರಳಿದ ಗುರುಗಳು ಮುಂದೆ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯನ್ನು ಓದಿದರು. ಅದರಲ್ಲಿ ಹನ್ನೆರಡು ಒಡೆಯರ, 144 ಎಲೆಗಳ ಆಟವೊಂದರ ವರ್ಣನೆಯಿದೆ. ಅಶ್ವಪತಿ, ಗಜಪತಿಗಳೊಡನೆ ಹಡಗುಗಳ ಒಡೆಯನೂ ಹಾವುಗಳ ಒಡೆಯನೂ ಅಲ್ಲಿದ್ದಾರೆ. ಮೂರನೆಯವನು ನರಪತಿ, ಕಾಲಾಳುಗಳೇ ಬಲವಾಗಿರುವ ದೊರೆ. ಇದಕ್ಕೆ ಗ್ರಂಥಕಾರನು ಕೊಟ್ಟಿರುವ ನಿದರ್ಶನ ಬಿಜಾಪುರದ ಅರಸರು! ಗುರುಗಳು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತರು. ಬಾದಶಹನ ಆಸ್ಥಾನದಲ್ಲಿ ವಿದ್ಯೆಯೆನಿಸಿದ್ದು ಬೇವಿನ ಮರದಡಿಯಲ್ಲಿ ಅಪರಾಧವಾಗಿತ್ತು. ಆ ಹುಡುಗನ ಮನೆಯೂ ಹಿನ್ನೀರಿಗೆ ಹೋದದ್ದು ಆಗ ಅವರ ನೆನಪಿಗೆ ಬಂದಿತು. ಮನೆಯನ್ನು ನುಂಗಿದ ಹೊಳೆಗೆ ಅವನು ಆಟದಲ್ಲಾದರೂ ರಾಜನಾಗಲು ಬಯಸಿದ್ದನು.

ಗುರುಗಳು ಮತ್ತೆ ಕುಂಚ ಹಿಡಿದು ನರಪತಿಯನ್ನೂ ಅವನ ಪಕ್ಕಕ್ಕೆ ಹೊಳೆಯ ರಾಜನನ್ನೂ ಬರೆದರು. ಆ ಹುಡುಗನು ಈಗ ಮಗಳ ಕೈ ಹಿಡಿದು ಶಾಲೆಯ ಸಮಾರಂಭಕ್ಕೆ ಬಂದಿದ್ದಾಗ ಎಲೆಗಳನ್ನು ಅವನಿಗಿತ್ತರು. ಅವನು ದಿಟ್ಟಿಸಿ ನೋಡಿ, “ನನ್ನ ಎಲಿಯಾಗ ದೋಣಿ ಎರಡಿದ್ದವ್ರಿ ಗುರುಗಳ, ನೀವು ಒಂದ ಬರದೀರಿ” ಎಂದನು. ಗುರುಗಳ ಕಣ್ಣು ತುಂಬಿದವು. ಮಗಳು ಅವರ ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲನ್ನು ತೆಗೆದುಕೊಂಡು ಎರಡನೆಯ ದೋಣಿಯನ್ನು ಬರೆದಳು.

ಮಕ್ಕಳ ಕೈಯಲ್ಲಿರುವುದನ್ನು ಕಸಿದುಕೊಳ್ಳುವ ಮುನ್ನ ಅದೇನೆಂದು ಒಮ್ಮೆ ಕೇಳುವುದು ಶಿಕ್ಷಕವೃತ್ತಿಯ ಮೊದಲ ಪಾಠ. ಆ ಗುರುಗಳು ಅದನ್ನು ಕಲಿತದ್ದು ನಿವೃತ್ತಿಯ ನಂತರ.